ವಾಷಿಂಗ್ಟನ್ ಬೆಳೆದ ಮನೆಯ ಪಾಯ ಸಿಕ್ಕಿದ್ದು ಹೇಗೆ: ಫೆರಿ ಫಾರ್ಮ್ ಉತ್ಖನನದ ಪ್ರಕರಣ ಅಧ್ಯಯನ

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಹುಡುಗನಾಗಿದ್ದಾಗ ಬೆಳೆದ ಜಮೀನು ಯಾವುದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ವರ್ಜೀನಿಯಾದ ಸ್ಟ್ಯಾಫರ್ಡ್ ಕೌಂಟಿ. ರಾಪಹ್ಯಾನಕ್ ನದಿಯ ಎತ್ತರದ ದಡ. ನದಿಯ ಆಚೆಗೆ ಫ್ರೆಡರಿಕ್ಸ್‌ಬರ್ಗ್ ಪಟ್ಟಣ. ಕಾಗದಪತ್ರಗಳಿದ್ದವು, ಗಡಿ ಗೊತ್ತಿತ್ತು, ಫೆರಿ ಫಾರ್ಮ್ ಅನ್ನುವ ಹೆಸರೂ ಇತ್ತು. ಇಷ್ಟೆಲ್ಲ ಇದ್ದೂ ಆ ಜಮೀನಿನೊಳಗೆ ಮನೆ ನಿಂತಿದ್ದ ಜಾಗ ಯಾವುದು ಅಂತ ಯಾರಿಗೂ ತೋರಿಸಲು ಆಗುತ್ತಿರಲಿಲ್ಲ. 1830ರ ದಶಕ ಬರುವ ಹೊತ್ತಿಗೇ ಮನೆ ಹಾಳುಬಿದ್ದಿತ್ತು. ಆಮೇಲೆ ಕಲ್ಲು, ಇಟ್ಟಿಗೆ ಎಲ್ಲ ಮಣ್ಣು ಸೇರಿದವು.

2008ರ ಜುಲೈನಲ್ಲಿ ಡೇವಿಡ್ ಮುರಾಕಾ ಮತ್ತು ಫಿಲಿಪ್ ಲೆವಿ ಇದಕ್ಕೆ ಉತ್ತರ ಕೊಟ್ಟರು. ಮುರಾಕಾ ಆ ಜಮೀನು ನೋಡಿಕೊಳ್ಳುವ ಪ್ರತಿಷ್ಠಾನದ ಪುರಾತತ್ವ ವಿಭಾಗದ ಮುಖ್ಯಸ್ಥ. ಲೆವಿ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಇತಿಹಾಸಕಾರ. ವರ್ಷಗಟ್ಟಲೆ ಅಗೆದ ಮೇಲೆ ಮನೆಯ ಪಾಯ ಸಿಕ್ಕಿದೆ ಅಂತ ಅವರು ಪ್ರಕಟಿಸಿದರು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ನೆರವೂ ಆ ಕೆಲಸಕ್ಕಿತ್ತು.

ಸುದ್ದಿ ಬಂದಾಗ ಎಲ್ಲರೂ ಕೇಳಿದ್ದು ಒಂದೇ: ವಾಷಿಂಗ್ಟನ್ನನ ಯಾವ ವಸ್ತು ಸಿಕ್ಕಿತು? ನನಗೆ ಈ ಪ್ರಕರಣ ಇಷ್ಟವಾಗುವುದು ಬೇರೆ ಕಾರಣಕ್ಕೆ. ದೊಡ್ಡ ಮನುಷ್ಯನೊಬ್ಬನ ಹೆಸರಿನಲ್ಲಿ ಶುರುವಾದ ಅಗೆತ ಅವನ ತಾಯಿ, ಅವನ ಮನೆಯ ಗುಲಾಮರು, ಅವನಿಗಿಂತ ಮೊದಲು ಅಲ್ಲಿದ್ದವರು, ಅವನ ನಂತರ ಬಂದವರು ಎಲ್ಲರನ್ನೂ ಅಷ್ಟೇ ಶ್ರದ್ಧೆಯಿಂದ ಲೆಕ್ಕಕ್ಕೆ ತೆಗೆದುಕೊಂಡಿತು. ಹಾಗೆ ಮಾಡಿದ್ದರಿಂದಲೇ ಮನೆಯೂ ಸಿಕ್ಕಿತು ಅಂತ ನಾನು ನಂಬುತ್ತೇನೆ.

ಕುಟುಂಬ

ಜಾರ್ಜ್ ಹುಟ್ಟಿದ್ದು 1732ರ ಫೆಬ್ರವರಿ 22ರಂದು, ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯ ಪೋಪ್ಸ್ ಕ್ರೀಕ್‌ನಲ್ಲಿ. ಅಪ್ಪ ಆಗಸ್ಟೀನ್ ವಾಷಿಂಗ್ಟನ್. ತಂಬಾಕಿನ ಜಮೀನ್ದಾರ, ಜೊತೆಗೆ ಕಬ್ಬಿಣದ ಕುಲುಮೆಯ ವ್ಯವಹಾರದಲ್ಲೂ ಪಾಲುದಾರ. ಅಕೊಕೀಕ್ ಅನ್ನುವಲ್ಲಿದ್ದ ಆ ಕುಲುಮೆಗೆ ಹತ್ತಿರವಾಗಲಿ ಅಂತ 1738ರಲ್ಲಿ ಈ ಜಮೀನಿಗೆ ಸಂಸಾರ ತಂದ. ಮನೆ ಅವನು ಕಟ್ಟಿಸಿದ್ದಲ್ಲ. ವಿಲಿಯಂ ಸ್ಟ್ರೋದರ್ ಅನ್ನುವವನು ತೀರಿಕೊಂಡ ಮೇಲೆ ಮಾರಾಟಕ್ಕೆ ಬಂದಿದ್ದನ್ನು ಕೊಂಡುಕೊಂಡ.

1743ರ ಏಪ್ರಿಲ್‌ನಲ್ಲಿ ಆಗಸ್ಟೀನ್ ತೀರಿಕೊಂಡ. ಜಾರ್ಜ್‌ಗೆ ಆಗ 11 ವರ್ಷ. ಲಿಟಲ್ ಹಂಟಿಂಗ್ ಕ್ರೀಕ್‌ನ ಜಮೀನು, ಅಂದರೆ ಮುಂದೆ ಮೌಂಟ್ ವರ್ನನ್ ಅಂತ ಹೆಸರಾದದ್ದು, ಮೊದಲ ಹೆಂಡತಿಯ ಮಗ ಲಾರೆನ್ಸ್‌ಗೆ ಹೋಯಿತು. ಫೆರಿ ಫಾರ್ಮ್ ಜಾರ್ಜ್‌ನ ಪಾಲಿಗೆ ಬಂತು. ಅದರ ಜೊತೆಗೆ ಹತ್ತು ಮಂದಿ ಗುಲಾಮರು. ಹನ್ನೊಂದು ವರ್ಷದ ಹುಡುಗ ಹತ್ತು ಮನುಷ್ಯರಿಗೆ ಒಡೆಯನಾದ. ಈ ಸಾಲನ್ನು ಓದಿದವರು ಒಂದು ನಿಮಿಷ ನಿಲ್ಲಬೇಕು.

ತಾಯಿ ಮೇರಿ ಬಾಲ್ ವಾಷಿಂಗ್ಟನ್ ಮತ್ತೆ ಮದುವೆಯಾಗಲಿಲ್ಲ. ಜಾರ್ಜ್, ಬೆಟ್ಟಿ, ಸ್ಯಾಮ್ಯುಯೆಲ್, ಜಾನ್ ಆಗಸ್ಟೀನ್, ಚಾರ್ಲ್ಸ್ ಈ ಐವರನ್ನು ಅಲ್ಲೇ ಬೆಳೆಸಿದಳು. ಕೊನೆಯ ಮಗು ಮಿಲ್ಡ್ರೆಡ್ 1740ರಲ್ಲಿ ಎಳೆಗೂಸಾಗಿದ್ದಾಗಲೇ ಹೋಗಿಬಿಟ್ಟಿತ್ತು. 1772ರಲ್ಲಿ ಮೇರಿ ನದಿ ದಾಟಿ ಫ್ರೆಡರಿಕ್ಸ್‌ಬರ್ಗ್‌ನ ಮನೆಗೆ ಹೋದಳು. 1774ರಲ್ಲಿ ಜಾರ್ಜ್ ಜಮೀನನ್ನು ಹ್ಯೂ ಮರ್ಸರ್ ಅನ್ನುವ ಸ್ಕಾಟ್ಲೆಂಡ್ ಮೂಲದ ವೈದ್ಯನಿಗೆ ಮಾರಿದ. ಅದೇ ಮರ್ಸರ್ ಮುಂದೆ ಸೇನಾಧಿಕಾರಿಯಾಗಿ ಪ್ರಿನ್ಸ್‌ಟನ್ ಯುದ್ಧದಲ್ಲಿ ಗಾಯಗೊಂಡು 1777ರಲ್ಲಿ ಸತ್ತ.

ಲೆಕ್ಕ ಹಾಕಿ ನೋಡಿ. ಆಗಸ್ಟೀನ್ ಆ ಮನೆಯಲ್ಲಿದ್ದದ್ದು ಐದು ವರ್ಷ. ಮೇರಿ ಇದ್ದದ್ದು 34 ವರ್ಷ. ಮಣ್ಣಿನಿಂದ ಎದ್ದು ಬಂದ ಬಹುಪಾಲು ವಸ್ತುಗಳು ಅವಳ ಕಾಲದವು, ಅವಳ ಕೈಕೆಳಗೆ ನಡೆದ ಸಂಸಾರದವು.

(ಕನ್ನಡದ ಓದುಗರಿಗೆ ಈ ಕಾಲದ ನಂಟು ಒಂದು ಕಡೆ ಸಿಗುತ್ತದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನ ಸೇನೆಯ ಎದುರು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ಸೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು.)

ಕಥೆಗಳ ಕೆಳಗೆ ಹೂತ ಜಮೀನು

ಅಗೆಯುವ ಮೊದಲು ಪುರಾತತ್ವದವರು ಕಥೆಗಳನ್ನು ಬಿಡಿಸಿಕೊಳ್ಳಬೇಕಿತ್ತು. ಎಲ್ಲಕ್ಕಿಂತ ದೊಡ್ಡದು ಚೆರಿ ಮರದ ಕಥೆ. ಹುಡುಗ ಜಾರ್ಜ್ ಕೈಗೊಡಲಿಯಿಂದ ಅಪ್ಪನ ಚೆರಿ ಗಿಡಕ್ಕೆ ಏಟು ಹಾಕಿದ, ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಂಡ ಅನ್ನುವ ಕಥೆ. ನಮ್ಮ ಶಾಲೆಗಳ ನೀತಿಪಾಠದವರೆಗೂ ಅದು ಬಂದಿದೆ. ಅದನ್ನು ಜನಪ್ರಿಯ ಮಾಡಿದವನು ಪಾದ್ರಿ ಮೇಸನ್ ಲಾಕ್ ವೀಮ್ಸ್. ವಾಷಿಂಗ್ಟನ್ ತೀರಿಕೊಂಡ ಮರುವರ್ಷ, 1800ರಲ್ಲಿ, ಅವನು ಒಂದು ಜೀವನಚರಿತ್ರೆ ಹೊರತಂದ. ಅದರ ಮೊದಲ ಮುದ್ರಣದಲ್ಲಿ ಈ ಕಥೆ ಇರಲಿಲ್ಲ. 1806ರ ಮುದ್ರಣದಲ್ಲಿ ಸೇರಿಕೊಂಡಿತು. ಆಧಾರ ಏನೂ ಇಲ್ಲ.

ಇನ್ನೊಂದು, ಅವನು ಬೆಳ್ಳಿ ಡಾಲರ್ ಒಂದನ್ನು ರಾಪಹ್ಯಾನಕ್ ನದಿಯ ಆಚೆ ದಡಕ್ಕೆ ಎಸೆದ ಅನ್ನುವ ಕಥೆ. ಅವನು ಹುಡುಗನಾಗಿದ್ದಾಗ ಅಮೆರಿಕ ಅನ್ನುವ ದೇಶವೇ ಇರಲಿಲ್ಲ, ಅದರ ಡಾಲರ್ ನಾಣ್ಯ ಎಲ್ಲಿಂದ ಬರಬೇಕು?

ಕಥೆಗಳಿಂದ ಆದ ತೊಂದರೆ ಸಣ್ಣದಲ್ಲ. ಜನರ ಮನಸ್ಸಿನಲ್ಲಿ ಒಂದು ಮನೆಯ ಚಿತ್ರ ಕೂತುಬಿಟ್ಟಿತ್ತು: ಪುಟ್ಟದು, ಬಡವರದು, ಹಳ್ಳಿಗಾಡಿನದು. ಹತ್ತೊಂಬತ್ತನೇ ಶತಮಾನದ ಎಷ್ಟೋ ಚಿತ್ರಗಳು ಹಾಗೇ ತೋರಿಸಿದವು. ಬಡತನದಿಂದ ಮೇಲೆ ಬಂದ ನಾಯಕ ಅಂದರೆ ಜನಕ್ಕೆ ಇಷ್ಟ, ಅಲ್ವಾ? ಜಮೀನಿನಲ್ಲಿ ಹತ್ತೊಂಬತ್ತನೇ ಶತಮಾನದ ಒಂದು ಪುಟ್ಟ ಕಟ್ಟಡ ಉಳಿದಿತ್ತು. ಅದನ್ನೇ ಜಾರ್ಜ್ ಭೂಮಾಪನ ಕಲಿತ ಕಚೇರಿ ಅಂತ ಪ್ರವಾಸಿಗರಿಗೆ ತೋರಿಸುತ್ತಾ ಬಂದರು. ಅವನು ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ ಎದ್ದ ಕಟ್ಟಡ ಅದು.

ಜಮೀನೂ ಸುಮ್ನೆ ಇರಲಿಲ್ಲ. ಮತ್ತೆ ಮತ್ತೆ ಉಳುಮೆ ನಡೆಯಿತು. ಬೇರೆ ಮನೆಗಳು ಎದ್ದವು, ಬಿದ್ದವು. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಕಾಲದಲ್ಲಿ, ಅದರಲ್ಲೂ 1862ರ ಡಿಸೆಂಬರ್‌ನ ಫ್ರೆಡರಿಕ್ಸ್‌ಬರ್ಗ್ ಯುದ್ಧದ ಹೊತ್ತಿನಲ್ಲಿ, ಉತ್ತರದ ಸೈನಿಕರು ಇಲ್ಲಿ ಬೀಡುಬಿಟ್ಟು ನೆಲ ತೋಡಿ ಕಂದಕ ಮಾಡಿದರು. ಅವರ ಗುಂಡುಗಳೂ ಗುಂಡಿಗಳೂ ವಾಷಿಂಗ್ಟನ್ ಕಾಲದ ಮಣ್ಣಿನೊಳಗೆ ಬೆರೆತವು.

ಕೊನೆಗೆ 1996ರಲ್ಲಿ ವಾಲ್‌ಮಾರ್ಟ್ ಇಲ್ಲಿ ಅಂಗಡಿ ಕಟ್ಟಲು ಹೊರಟಿತು. ಊರಿನವರು ಎದ್ದು ನಿಂತರು, ದೇಶದ ಬೇರೆ ಕಡೆಗಳಿಂದಲೂ ವಿರೋಧ ಬಂತು. ಅಂಗಡಿ ಬೇರೆ ಜಾಗಕ್ಕೆ ಹೋಯಿತು. ಬೆಟ್ಟಿ ವಾಷಿಂಗ್ಟನ್ ಮದುವೆಯಾಗಿ ಹೋದ ಮನೆತನದ ಕೆನ್‌ಮೋರ್ ಬಂಗಲೆಯನ್ನು ಕಾಪಾಡುತ್ತಿದ್ದ ಸಂಸ್ಥೆಯೇ ಈ ಜಮೀನನ್ನೂ ಕೊಂಡಿತು. 2000ದಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಘೋಷಣೆಯಾಯಿತು. ಪಾರ್ಕಿಂಗ್ ಜಾಗಕ್ಕೆ ಅಂತ ಮೇಲಿನ ಎರಡಡಿ ಮಣ್ಣು ಕೆರೆದಿದ್ದರೂ ಸಾಕಿತ್ತು, ಮುಂದೆ ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಮೂರು ಜಾಗ, ಒಂದು ಮನೆ

ಮೊದಲು ಕಾಗದ ನೋಡೋಣ. ಆಗಸ್ಟೀನ್ ಸತ್ತಾಗ ಅವನ ಆಸ್ತಿಯ ಪಟ್ಟಿ ಮಾಡಿದ್ದರು. ಕೋಣೆ ಕೋಣೆಗೆ ಹೋಗಿ ಹಾಸಿಗೆ, ಕುರ್ಚಿ, ಬೆಳ್ಳಿ ಚಮಚ ಅಂತ ಬರೆದ ಪಟ್ಟಿ. ಮನೆಯ ಒಳಗಿನ ಲೆಕ್ಕ ಇದರಿಂದ ಸಿಗುತ್ತದೆ. ಜಾರ್ಜ್ ಭೂಮಾಪಕನಾಗಿದ್ದವನು, 17ನೇ ವಯಸ್ಸಿಗೇ ಕಲ್ಪೆಪರ್ ಕೌಂಟಿಯ ಸರ್ವೆ ಕೆಲಸ ಸಿಕ್ಕಿತ್ತು. ಜಮೀನು ಮಾರುವ ಮೊದಲು, 1771ರಲ್ಲಿ, ಅವನೇ ಇದನ್ನು ಅಳತೆ ಮಾಡಿದ. ಅದರಿಂದ ಹೊಲದ ಗೆರೆಗಳು ತಿಳಿಯುತ್ತವೆ. ಆದರೆ ಪಟ್ಟಿಯಾಗಲಿ ಅಳತೆಯಾಗಲಿ ಮನೆಯ ಪಾಯದ ನಕ್ಷೆ ಕೊಡುವುದಿಲ್ಲ. ಅದಕ್ಕೆ ಮಣ್ಣಿಗೇ ಇಳಿಯಬೇಕಿತ್ತು.

ಇಂಥ ಜಮೀನಿನಲ್ಲಿ ಸರ್ವೆ ನಡೆಯುವ ಕ್ರಮ ಹೀಗಿರುತ್ತದೆ. ಮೊದಲು ಜಮೀನಿನ ಮೇಲೆ ಚೌಕದ ಜಾಲ ಹಾಕುತ್ತಾರೆ. ನಿಗದಿಯಾದ ಅಂತರಕ್ಕೊಂದು ಸಣ್ಣ ಗುಂಡಿ ತೋಡಿ, ಬಂದ ಮಣ್ಣನ್ನು ತಂತಿ ಜರಡಿಯಲ್ಲಿ ಆಡಿಸುತ್ತಾರೆ. ಇಟ್ಟಿಗೆ ಚೂರು, ಮೊಳೆ, ಪಿಂಗಾಣಿ ಚೂರು ಯಾವ ಗುಂಡಿಯಲ್ಲಿ ಎಷ್ಟು ಬಂತು ಅಂತ ಬರೆದಿಡುತ್ತಾರೆ. ಚೂರುಗಳು ಜಾಸ್ತಿ ಬಂದ ಕಡೆ ದೊಡ್ಡ ಚೌಕ ತೆರೆಯುತ್ತಾರೆ.

ಮೇಲಿನ ಪದರ ಉಳುಮೆಯ ಮಣ್ಣು. ಎಲ್ಲ ಕಾಲದ ಚೂರುಗಳೂ ಅದರಲ್ಲಿ ಕಲಸಿಹೋಗಿರುತ್ತವೆ. ನೇಗಿಲು ಚೂರನ್ನು ಮೇಲೆ ಕೆಳಗೆ ಮಾಡುತ್ತದೆ, ಆದರೆ ಅಕ್ಕಪಕ್ಕಕ್ಕೆ ತುಂಬಾ ದೂರ ಒಯ್ಯುವುದಿಲ್ಲ. ಹಾಗಾಗಿ ಕಲಸಿದ ಮಣ್ಣೂ ದಡ್ಡ ಮಣ್ಣಲ್ಲ. ಅದನ್ನು ತೆಗೆದ ಮೇಲೆ ಕೆಳಗೆ ಅಲುಗಾಡದ ಗಟ್ಟಿ ಮಣ್ಣು ಬರುತ್ತದೆ. ಅಲ್ಲಿ ಕರಣೆಯಿಂದ ನಯವಾಗಿ ಕೆರೆದರೆ ಬಣ್ಣದ ಕಲೆಗಳು ಕಾಣುತ್ತವೆ. ಕಂಬ ಹುಗಿದ ಗುಂಡಿ ಇದ್ದರೆ ದುಂಡನೆಯ ಕಪ್ಪು ಕಲೆ. ನೆಲಮಾಳಿಗೆ ಮುಚ್ಚಿದ್ದರೆ ದೊಡ್ಡ ಆಯತಾಕಾರದ ಕಲೆ. ಮರ ಕೊಳೆತು ಹೋದರೂ ಮಣ್ಣು ಅದರ ಗುರುತನ್ನು ಇಟ್ಟುಕೊಂಡಿರುತ್ತದೆ.

ಫೆರಿ ಫಾರ್ಮ್‌ನಲ್ಲಿ ಮನೆಯದ್ದಿರಬಹುದು ಅನ್ನಿಸಿದ ಜಾಗಗಳು ಮೂರು. ಒಂದನ್ನು ಅಗೆದಾಗ ಅದು ವಾಷಿಂಗ್ಟನ್ ಸಂಸಾರಕ್ಕಿಂತ ಹಿಂದಿನದು ಅಂತ ಗೊತ್ತಾಯಿತು. ಇನ್ನೊಂದು ಹತ್ತೊಂಬತ್ತನೇ ಶತಮಾನದ ಮನೆ, ಅಂದರೆ ತೀರಾ ಈಚಿನದು. ಮೂರನೆಯದು ಸರಿಯಾದ ಕಾಲದ್ದು.

ಕಾಲ ಹೇಗೆ ಗೊತ್ತಾಗುತ್ತದೆ? ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ವಸಾಹತು ಕಾಲದ ಅಗೆತದಲ್ಲಿ ದಿನಬಳಕೆಯ ಕಸವೇ ಗಡಿಯಾರ.

ತಂಬಾಕು ಸೇದುವ ಬಿಳಿ ಜೇಡಿಮಣ್ಣಿನ ಪೈಪುಗಳನ್ನೇ ತೆಗೆದುಕೊಳ್ಳಿ. ಅಗ್ಗದ ವಸ್ತು, ಬೇಗ ಮುರಿಯುತ್ತದೆ, ಎಲ್ಲೆಂದರಲ್ಲಿ ಬಿಸಾಡುತ್ತಾರೆ. ಕಾಲ ಕಳೆದ ಹಾಗೆ ಪೈಪಿನ ಕೊಳವೆ ಉದ್ದವಾಯಿತು, ಒಳಗಿನ ತೂತು ಕಿರಿದಾಯಿತು. 1954ರಲ್ಲಿ ಜೆ. ಸಿ. ಹ್ಯಾರಿಂಗ್ಟನ್ ಅನ್ನುವ ಪುರಾತತ್ವಜ್ಞ ಇದನ್ನು ಲೆಕ್ಕ ಹಾಕಿ ತೋರಿಸಿದ. 1600ರ ಆಸುಪಾಸಿನ ಪೈಪುಗಳಲ್ಲಿ ತೂತು ಹೆಚ್ಚಾಗಿ ಒಂದು ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ 9 ಪಾಲು. 1720ರಿಂದ 1750ರವರೆಗೆ 5 ಪಾಲು. 1750ರ ನಂತರ 4 ಪಾಲು. ಡ್ರಿಲ್ ಮೆಷಿನ್ನಿನ ಬಿಟ್‌ಗಳನ್ನು ಒಂದೊಂದಾಗಿ ತೂತಿಗೆ ತೂರಿಸಿ ನೋಡಿದರೆ ಸಾಕು, ಅಳತೆ ಸಿಗುತ್ತದೆ. ಒಂದು ಚೂರಿನಿಂದ ಏನೂ ಹೇಳಲಾಗದು. ನೂರಾರು ಚೂರು ಸೇರಿದಾಗ ಆ ಜಾಗದಲ್ಲಿ ಜನ ಯಾವಾಗ ವಾಸವಿದ್ದರು ಅನ್ನುವುದು ಹೊರಬರುತ್ತದೆ.

ಮೊಳೆಯೂ ಹಾಗೇ. ಹದಿನೆಂಟನೇ ಶತಮಾನದ ಬಹುಪಾಲು ಕಾಲ ಕಮ್ಮಾರ ಒಂದೊಂದನ್ನೇ ಬಡಿದು ಮಾಡುತ್ತಿದ್ದ. ಆ ಶತಮಾನದ ಕೊನೆಗೆ ಯಂತ್ರದಲ್ಲಿ ಕತ್ತರಿಸಿದ ಮೊಳೆ ಬಂತು. ಇವತ್ತಿನ ತಂತಿ ಮೊಳೆ ಇನ್ನೂ ನೂರು ವರ್ಷದ ನಂತರದ್ದು. ಪಿಂಗಾಣಿಯಲ್ಲಿ ಕೆನೆ ಬಣ್ಣದ ಪಾತ್ರೆಗಳು 1760ರ ದಶಕದಲ್ಲಿ ಇಂಗ್ಲೆಂಡಿನ ವೆಜ್‌ವುಡ್ ಅನ್ನುವ ಕುಂಬಾರನಿಂದಾಗಿ ಹೆಸರಾದವು. ಮುಚ್ಚಿದ ನೆಲಮಾಳಿಗೆಯ ತಳದಲ್ಲಿ ಅಂಥ ಒಂದು ಚೂರು ಸಿಕ್ಕರೆ, ಅದನ್ನು ಮುಚ್ಚಿದ್ದು ಆ ಪಾತ್ರೆ ಮಾರುಕಟ್ಟೆಗೆ ಬಂದ ನಂತರವೇ. ಹಳೆಯ ಚೂರು ನೂರಿದ್ದರೂ ಪರವಾಗಿಲ್ಲ, ತೀರ್ಮಾನ ಕೊಡುವುದು ಅವುಗಳಲ್ಲಿ ಎಲ್ಲಕ್ಕಿಂತ ಹೊಸದು.

ಮೂರನೆಯ ಜಾಗದಲ್ಲಿ ಬಂದದ್ದು ಕಲ್ಲು ಕಟ್ಟಿದ ಎರಡು ನೆಲಮಾಳಿಗೆ, ಎರಡು ಒಲೆಗೂಡುಗಳ ಬುಡ, ಪಾಯದ ಕಲ್ಲುಗಳು, ಜೊತೆಗೆ ಗೆಡ್ಡೆಗೆಣಸು ಇಡುವ ಎರಡು ಹಳ್ಳ. ಆ ಹಳ್ಳಗಳು ನಮ್ಮ ಉತ್ತರ ಕರ್ನಾಟಕದ ಹಗೇವಿನ ಹಾಗೆ, ಬೇಕಾದಾಗ ತೆಗೆದು ಉಣ್ಣಲು ನೆಲದೊಳಗೆ ಕೂಡಿಡುವ ಜಾಗ. ಇವನ್ನೆಲ್ಲ ಸೇರಿಸಿ ನೋಡಿದಾಗ ಮನೆಯ ಆಕಾರ ತಿಳಿಯಿತು. ನದಿಯ ಕಡೆಗೆ ನೋಡುವ ದಿಬ್ಬದ ಮೇಲೆ ಉದ್ದನೆಯ ಮರದ ಮನೆ. ಒಂದು ಪೂರ್ತಿ ಅಂತಸ್ತು, ಮೇಲೆ ಸೂರಿನ ಕೆಳಗೆ ಅರ್ಧ ಅಂತಸ್ತು. ಆ ಕಾಲದ ವರ್ಜೀನಿಯಾದಲ್ಲಿ ಹೆಚ್ಚಿನ ಜನ ಒಂದೆರಡು ಕೋಣೆಯ ಮನೆಯಲ್ಲಿ ಇರುತ್ತಿದ್ದರು. ಇದು ಉಳ್ಳವರ ಮನೆ. ಬಡ ಗುಡಿಸಲಿನ ಚಿತ್ರ ಅಲ್ಲಿಗೆ ಮುಗಿಯಿತು.

ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದದ್ದು ಆ ಮೊದಲ ಎರಡು ಜಾಗಗಳು. ಅವಸರದ ತಂಡವಾಗಿದ್ದರೆ ಮೊದಲ ಪಾಯ ಸಿಕ್ಕ ದಿನವೇ ಪತ್ರಿಕೆಯವರನ್ನು ಕರೆಯುತ್ತಿತ್ತು. ಹಳೆಯ ನೆಲಮಾಳಿಗೆ, ಹಳೆಯ ಪೈಪು, ಹಳೆಯ ಪಾತ್ರೆ ಎಲ್ಲ ಇತ್ತಲ್ಲ, ಇನ್ನೇನು ಬೇಕು ಅನ್ನಿಸುವುದು ಸಹಜ. ಇವರು ಅಲ್ಲಿ ನಿಲ್ಲಲಿಲ್ಲ. ವಾಷಿಂಗ್ಟನ್ನನದ್ದಲ್ಲ ಅಂತ ಗೊತ್ತಾದ ಮನೆಗಳ ಚೂರುಗಳೂ ತೊಳೆದು, ಸಂಖ್ಯೆ ಬರೆದು, ಪೆಟ್ಟಿಗೆ ಸೇರಿದವು. ಮೂರನೆಯದರ ಮೇಲಿನ ನಂಬಿಕೆ ಗಟ್ಟಿಯಾಗಿರುವುದು ಮೊದಲ ಎರಡನ್ನು ಸರಿಯಾಗಿ ತಳ್ಳಿಹಾಕಿದ್ದರಿಂದ.

ಬೆಂಕಿಯ ವಿಷಯ

1740ರ ಕ್ರಿಸ್‌ಮಸ್ ಹೊತ್ತಿಗೆ ಈ ಮನೆಗೆ ಬೆಂಕಿ ಬಿದ್ದು ಪೂರ್ತಿ ಸುಟ್ಟುಹೋಯಿತು, ಸಂಸಾರ ಬೀದಿಗೆ ಬಂತು ಅಂತ ಒಂದು ನಂಬಿಕೆ ಬಹಳ ಕಾಲದಿಂದ ಇತ್ತು. ಮನೆ ಪೂರ್ತಿ ಸುಟ್ಟಿದ್ದರೆ ಮಣ್ಣಿನಲ್ಲಿ ಅದು ಅಡಗುವುದಿಲ್ಲ. ಎಲ್ಲ ಕಡೆ ಇದ್ದಿಲ ಪದರ, ಕೆಂಪಗೆ ಸುಟ್ಟ ಮಣ್ಣು, ಕರಗಿದ ಗಾಜು ಇರಬೇಕು. ಅಗೆದವರಿಗೆ ಬೆಂಕಿಯ ಗುರುತು ಸಿಕ್ಕಿತು, ಆದರೆ ಮನೆಯ ಒಂದು ಭಾಗದಲ್ಲಿ ಮಾತ್ರ. ಅಂದರೆ ಬೆಂಕಿ ಬಿದ್ದದ್ದು ನಿಜ. ಮನೆ ನೆಲಸಮ ಆಗಲಿಲ್ಲ, ರಿಪೇರಿ ಮಾಡಿಕೊಂಡು ಅಲ್ಲೇ ಇದ್ದರು. ಜೀವನಚರಿತ್ರೆಗಳಲ್ಲಿ ದೊಡ್ಡ ತಿರುವಾಗಿದ್ದ ಒಂದು ಘಟನೆ ಒಂದೆರಡು ಕೋಣೆಗೆ ಇಳಿಯಿತು.

ಮೇರಿಯ ಮನೆ

ಮೇರಿ ವಾಷಿಂಗ್ಟನ್ ಬಗ್ಗೆ ಬರೆದವರು ಅವಳಿಗೆ ಜಾಸ್ತಿ ಕರುಣೆ ತೋರಿಸಿಲ್ಲ. ಹಟಮಾರಿ, ಗೊಣಗುವವಳು, ಮಗನ ಹತ್ತಿರ ಸದಾ ಹಣ ಕೇಳುವವಳು ಅಂತ ಚಿತ್ರಿಸಿದವರೇ ಹೆಚ್ಚು. ಅವಳ ಹಿತ್ತಿಲಿನ ಕಸ ಬೇರೆ ಹೇಳುತ್ತದೆ.

ಗಂಡ ಸತ್ತ ಮೇಲೆ ಅವನ ಜಮೀನುಗಳೆಲ್ಲ ಹಂಚಿಹೋದವು. ಆದಾಯ ಇಳಿಯಿತು. ಐದು ಮಕ್ಕಳಿಗೆ ಆ ಕಾಲದ ದೊಡ್ಡ ಮನೆತನಗಳ ನಡುವೆ ಒಂದು ಸ್ಥಾನ ಉಳಿಸಿಕೊಡಬೇಕಿತ್ತು. ಟೀ ಕುಡಿಯುವ ಬಟ್ಟಲುಗಳು, ಮೇಜಿನ ನಯವಾದ ಪಾತ್ರೆಗಳು, ಮೂಳೆಯ ಹಿಡಿಯ ಹಲ್ಲುಜ್ಜುವ ಬ್ರಷ್ಷು, ಎಲ್ಲ ಈ ಮಣ್ಣಿನಲ್ಲಿವೆ. ಚಹಾ ಹಾಕುವುದು, ಬಡಿಸುವುದು, ಕೂತು ಮಾತಾಡುವುದು ಆಗ ಮರ್ಯಾದಸ್ತರ ಗುರುತು. ಮಕ್ಕಳು ಅದನ್ನು ಮನೆಯಲ್ಲೇ ಕಲಿಯಬೇಕಿತ್ತು. ಕಲಿಸಿದವಳು ಈ ವಿಧವೆ.

ಇನ್ನೊಂದು ವಸ್ತು ನೋಡಿ. ಬೆರಳುದ್ದದ, ನಡು ಸಣ್ಣಗಾದ ಜೇಡಿಮಣ್ಣಿನ ಉರುಳೆಗಳು ಇಲ್ಲಿ ದಂಡಿಯಾಗಿ ಸಿಕ್ಕಿವೆ. ಟೋಪನ್ನಿನ ಕೂದಲು ಗುಂಗುರು ಮಾಡುವ ಸಾಧನ ಅವು. ಕೂದಲನ್ನು ಉರುಳೆಗೆ ಬಿಗಿಯಾಗಿ ಸುತ್ತಿ, ಬಿಸಿ ಕೊಟ್ಟು, ಗುಂಗುರು ಕೂರಿಸುತ್ತಿದ್ದರು. ದೊಡ್ಡವರಾಗುತ್ತಿದ್ದ ಗಂಡುಮಕ್ಕಳು ನಾಲ್ವರಿದ್ದ ಮನೆ ಇದು. ಜಾರ್ಜ್ ಮುಂದೆ ಟೋಪನ್ ಹಾಕಿಕೊಳ್ಳಲಿಲ್ಲ, ಸ್ವಂತ ಕೂದಲಿಗೇ ಪುಡಿ ಹಚ್ಚುತ್ತಿದ್ದ. ಆದರೆ ಆ ಮನೆಯಲ್ಲಿ ಟೋಪನ್ನುಗಳ ಆರೈಕೆ ನಡೆಯುತ್ತಿತ್ತು, ಅದನ್ನು ಮಾಡುವ ಕೈ ಒಂದಿತ್ತು. ಆ ಕೈ ಗುಲಾಮರಲ್ಲಿ ಒಬ್ಬರದ್ದಾಗಿರುವುದೇ ಹೆಚ್ಚು ಸಾಧ್ಯ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪಂಚ್ ಬೋಗುಣಿ, ಅಂದರೆ ಮದ್ಯಕ್ಕೆ ಹಣ್ಣಿನ ರಸ, ಸಕ್ಕರೆ ಬೆರೆಸಿದ ಪಾನೀಯ ಹಂಚುವ ಪಾತ್ರೆ. ಕೆನೆ ಬಣ್ಣದ ಪಿಂಗಾಣಿ, ಮೇಲೆ ಕೈಯಿಂದ ಬರೆದ ಚೆರಿ ಹಣ್ಣುಗಳು. ಹೌದು, ಚೆರಿಯೇ. ಚೆರಿ ಮರದ ಕಥೆಗೂ ಇದಕ್ಕೂ ಸಂಬಂಧ ಇಲ್ಲ, ಬೋಗುಣಿ ಬಂದಾಗ ಜಾರ್ಜ್ ಮನೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದು ಒಡೆದಿತ್ತು. ಯಾರೋ ಅಂಟು ಹಾಕಿ ಕೂಡಿಸಿದ್ದರು. ಒಡೆದ ಅಂಚಿನಲ್ಲಿ ಆ ಅಂಟಿನ ಪದರ ಉಳಿದಿತ್ತು. ಅಗೆದವರು ಅದನ್ನು ಕೊಳೆ ಅಂತ ಉಜ್ಜಿ ತೆಗೆಯದೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರು.

ಆ ಕಾಲದ ಅಂಟು ಹಾಕಿದ ಬೋಗುಣಿಯಲ್ಲಿ ಬಿಸಿ ಪಂಚ್ ತುಂಬಿ ಹಂಚುವುದು ಕಷ್ಟ. ಹಾಗಿದ್ದರೆ ಕೂಡಿಸಿದ್ದು ಯಾಕೆ? ಬಂದವರ ಕಣ್ಣಿಗೆ ಬೀಳುವ ಹಾಗೆ ಬೀರುವಿನಲ್ಲಿ ಇಡಲು ಅನ್ನುವುದೇ ಸರಿ ಅನ್ನಿಸುತ್ತದೆ. ಒಡೆದ ಕಡೆಯನ್ನು ಗೋಡೆಗೆ ತಿರುಗಿಸಿದರೆ ಮುಂದಿನಿಂದ ಚೆಂದವೇ. ಹೊಸದು ತರಿಸಲು ದುಡ್ಡಿಲ್ಲ, ಇದ್ದದ್ದನ್ನು ಬಿಸಾಡಲು ಮನಸ್ಸಿಲ್ಲ. ಎಷ್ಟು ಮನೆಗಳಲ್ಲಿ ನಾವು ಇದನ್ನು ನೋಡಿಲ್ಲ? ಹಣ ಕೇಳುವ ಗೊಣಗಾಟದ ಮುದುಕಿ ಅನ್ನುವ ಮಾತಿಗಿಂತ ಈ ಬೋಗುಣಿ ಮೇರಿಯನ್ನು ನನಗೆ ಹತ್ತಿರ ತಂದಿದೆ.

ಒಂದು ಪೈಪಿನ ತುಂಡಿನ ಮೇಲೆ ಫ್ರೀಮೇಸನ್ ಅನ್ನುವ, ಸದಸ್ಯರಿಗಷ್ಟೇ ತಿಳಿದ ಆಚರಣೆಗಳಿದ್ದ ಸೋದರ ಸಂಘದ ಚಿಹ್ನೆ ಇತ್ತು. ಜಾರ್ಜ್ 1752ರಲ್ಲಿ ಫ್ರೆಡರಿಕ್ಸ್‌ಬರ್ಗ್‌ನ ಮೇಸನ್ ಸಂಘಕ್ಕೆ ಸೇರಿದ್ದ. ಪೈಪು ಅವನದ್ದೇ ಅನ್ನುವ ಆಸೆ ಯಾರಿಗಾದರೂ ಆಗುತ್ತದೆ. ಅವನದ್ದಿರಬಹುದು. ಮನೆಗೆ ಬಂದ ಬೇರೊಬ್ಬ ಮೇಸನ್ನನದ್ದೂ ಇರಬಹುದು. ಹೆಸರು ಕೆತ್ತದ ವಸ್ತುವಿಗೆ ಹೆಸರು ಅಂಟಿಸುವುದು ಪುರಾತತ್ವದ ಕೆಲಸ ಅಲ್ಲ.

ಹಿತ್ತಿಲು

ಮನೆಯ ಸುತ್ತ ಪ್ರತ್ಯೇಕ ಅಡುಗೆಮನೆಯ ಗುರುತೂ ಗುಲಾಮರು ವಾಸವಿದ್ದ ಕಟ್ಟಡದ ಗುರುತೂ ಸಿಕ್ಕಿವೆ. ವರ್ಜೀನಿಯಾದ ಉಳ್ಳವರ ಮನೆಗಳಲ್ಲಿ ಅಡುಗೆಮನೆ ಹೊರಗೇ ಇರುತ್ತಿತ್ತು. ಬೆಂಕಿ ಭಯ ಒಂದು ಕಾರಣ, ಬೇಸಿಗೆಯ ಸೆಕೆ ಇನ್ನೊಂದು. ಒಡೆಯರ ಮನೆಯಿಂದ ಕೆಲಸವನ್ನೂ ಕೆಲಸದವರನ್ನೂ ದೂರ ಇಡುವುದು ಮೂರನೆಯದು.

ಗುಲಾಮರ ಬಗ್ಗೆ ಕಾಗದದಲ್ಲಿ ಸಿಗುವುದು ಆಸ್ತಿಪಟ್ಟಿಯ ಸಾಲುಗಳು, ದನಕರುವಿನ ಜೊತೆ, ಬೆಲೆ ಸಮೇತ. ಅವರು ಏನು ತಿಂದರು, ಏನು ಹೊಲಿದರು, ಮೈಮೇಲೆ ಏನು ಧರಿಸಿದರು ಅನ್ನುವುದಕ್ಕೆ ಮಣ್ಣು ಬಿಟ್ಟರೆ ಸಾಕ್ಷಿ ಕಡಿಮೆ. ಆದ್ದರಿಂದಲೇ ಒಡೆಯರ ಪಾಯ ಸಿಕ್ಕ ತಕ್ಷಣ ಕೆಲಸ ಮುಗಿಯಿತು ಅಂತ ಎದ್ದುಬಿಡುವ ಅಗೆತಗಳನ್ನು ನಾನು ಒಪ್ಪುವುದಿಲ್ಲ. ಒಡೆಯರಿಗೆ ಪತ್ರಗಳಿವೆ, ಉಯಿಲುಗಳಿವೆ, ಭಾವಚಿತ್ರಗಳಿವೆ. ಉಳಿದವರಿಗೆ ಹಿತ್ತಿಲೇ ದಾಖಲೆ.

ಈ ಜಮೀನಿನಲ್ಲಿ ಸಿಕ್ಕ ಒಂದು ಸಣ್ಣ ಮಣಿ ನಮ್ಮನ್ನೂ ಈ ಕಥೆಯೊಳಗೆ ಎಳೆಯುತ್ತದೆ. ಕೆಂಪು ಅಕೀಕು ಕಲ್ಲಿನ ಮಣಿ. ಆ ಕಲ್ಲನ್ನು ಒಡೆದು, ಉಜ್ಜಿ, ತೂತು ಕೊರೆದು ಮಣಿ ಮಾಡುವ ಕಸುಬಿಗೆ ಗುಜರಾತಿನ ಖಂಬಾತ್ ನೂರಾರು ವರ್ಷಗಳಿಂದ ಹೆಸರಾದ ಊರು. ಖಂಬಾತಿನ ಮಣಿಗಳು ಅರಬ್ಬೀ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತಿದ್ದವು. ಯುರೋಪಿನ ಕಂಪನಿಗಳೂ ಅವನ್ನು ಹಡಗಿನಲ್ಲಿ ತುಂಬಿಕೊಂಡು ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ವಿನಿಮಯಕ್ಕೆ ಬಳಸಿದವು. ಅಲ್ಲಿ ಮಣಿಗೆ, ಬಟ್ಟೆಗೆ, ಕಬ್ಬಿಣಕ್ಕೆ ಬದಲಾಗಿ ಹಡಗೇರಿದ ಸರಕುಗಳಲ್ಲಿ ಮನುಷ್ಯರೂ ಇದ್ದರು. ವರ್ಜೀನಿಯಾದ ಗುಲಾಮರ ವಸತಿಗಳಲ್ಲಿ ಮಣಿಗಳು ಸಿಗುವುದು ಹೊಸದಲ್ಲ. ಕೊರಳಲ್ಲಿ, ಸೊಂಟದಲ್ಲಿ ಕಟ್ಟಿಕೊಂಡಿದ್ದ ಮಣಿ ಅವರಿಗೆ ಊರಿನ ನೆನಪೂ ಆಗಿತ್ತು, ರಕ್ಷೆಯೂ ಆಗಿತ್ತು. ಅಮೆರಿಕದ ಅಧ್ಯಕ್ಷನ ಮನೆಯ ಹುಡುಕಾಟದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕುಶಲಕರ್ಮಿಯ ಕಸುಬು ಕೈಗೆ ಸಿಗುತ್ತದೆ ಅಂತ ಯಾರು ಎಣಿಸಿದ್ದರು!

ಮೇಲೆ ಎದ್ದ ಮನೆ

2008ರ ಹೊತ್ತಿಗೇ ಇಲ್ಲಿ ಸಿಕ್ಕ ವಸ್ತುಗಳ ಸಂಖ್ಯೆ ಐದು ಲಕ್ಷ ದಾಟಿತ್ತು. ಹೆಚ್ಚಿನವು ಬೆರಳ ತುದಿಯಷ್ಟು ಚೂರುಗಳು.

ಮುಂದೆ ಏನು ಮಾಡುವುದು ಅನ್ನುವ ಪ್ರಶ್ನೆ ಬಂದಾಗ ಪ್ರತಿಷ್ಠಾನ ಮನೆಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಲು ತೀರ್ಮಾನಿಸಿತು. 2015ರಲ್ಲಿ ಕೆಲಸ ಶುರುವಾಯಿತು. 2018ರಲ್ಲಿ ಜನರಿಗೆ ತೆರೆದರು. ಹಳೆಯ ಪಾಯಕ್ಕೆ ಪೆಟ್ಟಾಗದ ಹಾಗೆ ಹೊಸ ಮನೆಯ ಭಾರವನ್ನು ಹೊರಿಸಿದರು. ಒಳಗಿನ ಪೀಠೋಪಕರಣಗಳು ಹಳೆಯ ಮಾದರಿಯ ಹೊಸ ವಸ್ತುಗಳು. ಕೂರಬಹುದು, ಡ್ರಾಯರ್ ಎಳೆದು ನೋಡಬಹುದು. ಯಾವ ಕೋಣೆಯಲ್ಲಿ ಏನಿರಬೇಕು ಅನ್ನುವುದಕ್ಕೆ 1743ರ ಆಸ್ತಿಪಟ್ಟಿಯೇ ದಾರಿ ತೋರಿಸಿತು.

ಇದು ಸರಿಯೇ? ಪುರಾತತ್ವದವರಲ್ಲಿ ಇಂಥ ಮರುನಿರ್ಮಾಣದ ಬಗ್ಗೆ ಒಮ್ಮತ ಇಲ್ಲ. ಪಾಯದಿಂದ ಮನೆಯ ಉದ್ದಗಲ, ಒಲೆಗೂಡಿನ ಜಾಗ, ನೆಲಮಾಳಿಗೆ ತಿಳಿಯುತ್ತವೆ. ಕಿಟಕಿ ಎಷ್ಟು, ಮೆಟ್ಟಿಲು ಯಾವ ಕಡೆ, ಸೂರು ಎಷ್ಟು ಕಡಿದು ಅನ್ನುವುದನ್ನು ಅದೇ ಕಾಲದ ಬೇರೆ ಮನೆಗಳನ್ನು ನೋಡಿ ಊಹಿಸಬೇಕು. ನೋಡಲು ಬಂದವರಿಗೆ ಎರಡೂ ಒಂದೇ ಬಣ್ಣದ ಹಲಗೆಯಲ್ಲಿ ಕಾಣುತ್ತವೆ. ಸಾಕ್ಷಿ ಎಲ್ಲಿ ಮುಗಿದು ಊಹೆ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಹಾಗಿದ್ದೂ ನಾನು ಇದರ ಪರ. ಬರೀ ಹುಲ್ಲು ಬೆಳೆದ ದಿಬ್ಬ ತೋರಿಸುತ್ತಿದ್ದಾಗ ಆ ಖಾಲಿ ಜಾಗವನ್ನು ಚೆರಿ ಮರದ ಕಥೆ ತುಂಬಿಕೊಂಡಿತ್ತು. ಈಗ ಬಂದವರು ಕೋಣೆಗಳ ನಡುವೆ ನಡೆಯುತ್ತಾರೆ, ನದಿಗೆ ಮನೆ ಎಷ್ಟು ಹತ್ತಿರ ಇತ್ತು ಅಂತ ನೋಡುತ್ತಾರೆ, ಇಷ್ಟು ದೊಡ್ಡ ಮನೆ ಯಾರ ದುಡಿಮೆಯಿಂದ ನಡೆಯುತ್ತಿತ್ತು ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಗುಲಾಮರ ವಸತಿಯೂ ಅದೇ ಕಾಳಜಿಯಿಂದ, ಅದೇ ಖರ್ಚಿನಲ್ಲಿ, ಎದ್ದು ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ.

ಮನೆಯ ಪಾಯ ಸಿಕ್ಕ ಮೇಲೂ ಅಂಗಳದ ಅಗೆತ ನಿಲ್ಲಲಿಲ್ಲ. ಬೇಲಿಯ ಕಂಬಗಳ ಸಾಲು, ಕಸ ಎಸೆದ ಜಾಗ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಜನ ಓಡಾಡಿದ ದಾರಿ, ಇವನ್ನು ಒಂದೊಂದೇ ಚೌಕ ತೆರೆದು ನೋಡುವ ಕೆಲಸ ಮುಂದಿನ ವರ್ಷಗಳಿಗೂ ಹರಿದುಬಂತು.